ಚಿತ್ತಪ್ಪನ ದನಿ ಇದ್ದ ಡಬ್ಬಿ

ಬಾಲರಾಜನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಚಳ್ಳಕೆರೆಯ ಯುಪಿಎಸ್ ಬ್ಯಾಟರಿ ಅಂಗಡಿಯಲ್ಲಿ ದಿನವಿಡೀ ದುಡಿದು ಬಂದವನು ಕೈಕಾಲು ತೊಳೆದು ಉಂಡು ಮಲಗಬಾರದೇ? ಇಲ್ಲ. ಯಾವುದೋ ಕಚೇರಿಯವರು ಮಾರಿದ ಎರಡು ಪುಟ್ಟ ಕಂಪ್ಯೂಟರುಗಳನ್ನು ಹೊಸದರ ಕಾಲು ಬೆಲೆಗೆ ತಂದು, ಅಡುಗೆಮನೆಯ ಮೂಲೆಯಲ್ಲಿ ತನ್ನದೇ ಒಂದು ಪ್ರಯೋಗಶಾಲೆ ಹೂಡಿದ. ಒಂದೊಂದೂ ಊಟದ ಡಬ್ಬಿಯಷ್ಟು ಗಾತ್ರ. ಧೂಳು ಊದಿ, ಹಳೇ ಡಿಸ್ಕ್ ಬದಲಿಸಿ, ಮೂರು ಭಾನುವಾರ ತಿಣುಕಿ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಫೋನಿನಿಂದಲೇ ಎರಡನ್ನೂ ಆಡಿಸುತ್ತಾನೆ.

"ಅಡುಗೆಮನ್ಯಾಗೆ ಇಟ್ಟೀಯಲ್ಲ, ಇದ್ರಾಗೆ ಏನು ಬೇಯ್ತೈತೆ?" ಎಂದು ಹೆಂಡತಿ ಕಾವ್ಯ ಕೇಳಿದಳು.

"ಬೇಯಿಸೋದಲ್ಲ ಕಣೇ, ಕಾಯೋದು" ಎಂದ.

ಕಾಯಬೇಕಾದದ್ದು ಅವನಪ್ಪ ಚಿತ್ತಪ್ಪನ ದನಿ. ನನ್ನಿವಾಳದ ಚಿತ್ತಪ್ಪ ಅರ್ಧ ಆಯುಷ್ಯ ವರವು ಕಾವಲಿನ ಹುಲ್ಲುಗಾವಲಲ್ಲಿ ದನ ಮೇಯಿಸಿದವನು. ಒಂದು ಕೂಗು ಹಾಕಿದರೆ ಕಣ್ಣಿಗೆ ಕಾಣದಷ್ಟು ದೂರದ ಹಸುವೂ ಕಿವಿ ನಿಮಿರಿಸುತ್ತಿತ್ತು. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಬಾಲರಾಜ ನಾಲ್ಕು ದಿನ ರಜೆ ಹಾಕಿ ಅಪ್ಪನ ಬಾಯ ಮುಂದೆ ಫೋನ್ ಹಿಡಿದ. ದನ ಕರೆಯುವ ಕೂಗು, ಹುಲ್ಲುಗಳ ಹೆಸರು, ಊರಿನವರ ಮೇಲಿನ ಚಾಡಿ, ಒಂದೂ ಬಿಡಲಿಲ್ಲ. ಆಮೇಲೆ ಚಿತ್ತಪ್ಪ ಮಾತಾಡಲಿಲ್ಲ. ಎಲ್ಲವನ್ನೂ ಡಬ್ಬಿಗೆ ಇಳಿಸಿಕೊಂಡ ಮೇಲೆ ಆ ಫೋನೂ ಕೆಟ್ಟು ಮೂಲೆ ಸೇರಿತು. ಉಳಿದದ್ದು ಡಬ್ಬಿಯಲ್ಲಿದ್ದದ್ದೇ.

ಒಂದೇ ಕಡೆ ಇರಬಾರದೆಂದು ಎರಡನೆಯ ಡಬ್ಬಿಗೂ ಎಲ್ಲವನ್ನೂ ನಕಲು ಮಾಡಿ, ಮೊಳಕಾಲ್ಮೂರಿನ ಸೋದರತ್ತೆ ತಿಪ್ಪೇರುದ್ರಮ್ಮನ ಮನೆಯಲ್ಲಿಟ್ಟ. ದಿನಾ ರಾತ್ರಿ ಹನ್ನೊಂದಕ್ಕೆ ಅದು ಚಳ್ಳಕೆರೆಯ ಡಬ್ಬಿಯನ್ನು ನೋಡಿ ತನ್ನನ್ನು ತಿದ್ದಿಕೊಳ್ಳಬೇಕು. ಇಲ್ಲಿಗೆ ಬಂದದ್ದು ಅಲ್ಲಿಗೂ ಬರಬೇಕು, ಇಲ್ಲಿಂದ ಹೋದದ್ದು ಅಲ್ಲಿಂದಲೂ ಹೋಗಬೇಕು. ಅಲ್ಲೇ ಎರಡು ದಿನ ಉಳಿದು ಪರೀಕ್ಷಿಸಿದ, ಸರಿಯಿತ್ತು. ಆಮೇಲೆ ಈ ಮಹಾಶಯ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ, "ಅತ್ತೆ, ಡಬ್ಬಿ ದೀಪ ಉರೀತೈತಾ?" ಎನ್ನುವನು. "ಹಸ್ರುಗೆ ಉರೀತೈತಪ್ಪ" ಎನ್ನುವಳು. ಅಲ್ಲಿಗೆ ಮುಗಿಯಿತು.

ಹೋದ ತಿಂಗಳು ಒಂದು ಬುಧವಾರ ಸಂಜೆ, ಜಾಗ ಸಾಲದೆಂದು ಬೇಡದ್ದನ್ನೆಲ್ಲ ಅಳಿಸುತ್ತ ಕೂತ. 'ಹಳೇದು' ಎಂಬ ಫೋಲ್ಡರನ್ನೂ ಅಳಿಸಿ, ಕೈ ಕೊಡವಿ ಎದ್ದ. ಬೆಳಿಗ್ಗೆ ಆರಕ್ಕೆ ಕಣ್ಣು ಬಿಟ್ಟಾಗ ನೆನಪಾಯಿತು, ಅಪ್ಪನ ದನಿಯೆಲ್ಲ ಅದರೊಳಗೇ ಇತ್ತು. ಅಯ್ಯೋ ಶಿವನೇ! ಹನ್ನೊಂದು ಗಂಟೆ ಎಂದೋ ಕಳೆದಿತ್ತು. ಅತ್ತೆಯ ಮನೆಯಲ್ಲೂ ಅಳಿಸಿಹೋಗಿರಲೇಬೇಕು. ಫೋನಿನಿಂದ ಆ ಡಬ್ಬಿಯನ್ನು ತಡವಿದರೆ ಉತ್ತರವೇ ಇಲ್ಲ. ಅಳಿಸಿದ್ದನ್ನು ಅಲ್ಲಿಯ ಡಿಸ್ಕಿನಿಂದಾದರೂ ಹೆಕ್ಕಿ ತೆಗೆಯಲು ಆದೀತೇನೋ ಎಂಬ ಒಂದೆಳೆ ಆಸೆ ಹಿಡಿದು ಬಸ್ಸಿಗೆ ಹೊರಟ.

ಮಗನ ಮನೆಯಲ್ಲೇ ಇದ್ದ ಚಿತ್ತಪ್ಪ ಕತ್ತಿಗೆ ಟವೆಲ್ ಸುತ್ತಿ, ತಾನೂ ಬರುತ್ತೇನೆಂದು ಸನ್ನೆ ಮಾಡಿದ. ಅಕ್ಕನನ್ನು ನೋಡಬೇಕಂತೆ. ಮಗ ಇಬ್ಬರಿಗೂ ಟಿಕೆಟ್ ತೆಗೆಸಿದ. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ಏನೇನೋ ತೋರಿಸಿ ನಗುತ್ತಿದ್ದರೆ, ಇವನಿಗೆ ಆ ಮುಖ ನೋಡಲಾಗಲಿಲ್ಲ. ಈ ದನಿಯನ್ನು ಒಮ್ಮೆ ರೋಗ ತಿಂದಿತು, ಇನ್ನೊಮ್ಮೆ ನಾನು ತಿಂದೆ ಎಂದುಕೊಂಡ.

ಅವನು ಇಟ್ಟುಹೋದ ಮೇಲೆ ಅತ್ತೆ ಡಬ್ಬಿಯನ್ನು ದೇವರ ಗೂಡಿಗೆ ಸೇರಿಸಿದ್ದಳು, ಎಣ್ಣೆ ದೀಪದ ಪಕ್ಕದಲ್ಲೇ. ಹಸಿರು ದೀಪ ಉರಿಯುತ್ತಿತ್ತು.

"ಅತ್ತೆ, ಬೆಳಿಗ್ಗೆ ಇದು ಆರಿತ್ತಾ?"

"ಥೂ, ಬಿಡ್ತು ಅನ್ನು! ದೇವ್ರ ಮುಂದೆ ಎಂಥ ಮಾತಾಡ್ತೀಯೋ ನಾಯನಾ" ಎಂದು ತಿಪ್ಪೇರುದ್ರಮ್ಮ ಗದರಿದಳು. "ದಿನಾ ಮಲಗೋ ಮುಂಚೆ ಎರಡೂ ದೀಪ ದೊಡ್ಡದು ಮಾಡ್ತೀನಿ. ಬೆಳಿಗ್ಗೆ ಮಿಂದು ಮತ್ತೆ ಹಚ್ತೀನಿ. ನಿಂಗೆ ಫೋನ್‌ನಾಗೆ ಎಷ್ಟು ಸಲ ಹೇಳಿಲ್ಲ?"

ಹೇಳಿದ್ದಳು, ಸುಳ್ಳಲ್ಲ. ಈ ಕಡೆ ದೀಪ ಆರಿಸುವುದು ಎನ್ನುವುದಿಲ್ಲ, ಅದು ಕೆಟ್ಟ ಮಾತು. ದೊಡ್ಡದು ಮಾಡುವುದು ಎನ್ನುತ್ತಾರೆ. ಎಣ್ಣೆ ದೀಪದ ವಿಷಯವೆಂದುಕೊಂಡು ಬಾಲರಾಜ ಪ್ರತಿ ಸಲವೂ ಹೂಂಗುಟ್ಟಿದ್ದ. ಇಡೀ ವರ್ಷ ಈ ಡಬ್ಬಿ ಎಂಟೂವರೆಗೆಲ್ಲ ಅತ್ತೆಯ ಜೊತೆ ಮಲಗಿ, ಬೆಳಿಗ್ಗೆ ಅವಳ ಜೊತೆ ಏಳುತ್ತಿತ್ತು. ಹನ್ನೊಂದರ ಕೆಲಸ ನಡೆದೇ ಇರಲಿಲ್ಲ!

ಫೋನ್ ತೆಗೆದು ಡಬ್ಬಿಯೊಳಗೆ ನೋಡಿದ. 'ಹಳೇದು' ಇಟ್ಟಲ್ಲೇ ಇತ್ತು. ಅವನು ಅತ್ತೆಯ ಕಾಲಿಗೆ ಬಿದ್ದೇಬಿಟ್ಟ.

"ಏ, ಇದ್ಯಾಕೋ? ಏನಾತೋ ನಿಂಗೆ?"

ಅವನಿಗೆ ಅಳು ಒತ್ತರಿಸಿ ಬಂತು, ನಗುವೂ ಬಂತು. ದನಿ ಸರಿಯಿದೆಯೇ ಎಂದು ನೋಡಲು ಕೈಗೆ ಸಿಕ್ಕ ಒಂದನ್ನು ಒತ್ತಿದ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅಪ್ಪ ಅತ್ತೆಗೆ ಫೋನಿನಲ್ಲಿ ಆಡಿದ ಮಾತು ಅದು.

"ಅಕ್ಕಾ, ಉಂಡ್ಯಾ? ಹೋಗ್ಬರ್ತೀನಿ. ಬಂದ್ಮೇಲೆ ಮಾತಾಡ್ತೀನಿ, ಆತಾ?"

ತಿಪ್ಪೇರುದ್ರಮ್ಮ ಸೆರಗು ಬಾಯಿಗೊತ್ತಿ ನಿಂತುಬಿಟ್ಟಳು. ಮಂಚದ ಮೇಲೆ ಕೂತಿದ್ದ ತಮ್ಮನ ಕಡೆ ತಿರುಗಿದಳು. ಚಿತ್ತಪ್ಪನ ತುಟಿಗಳು "ಅಕ್ಕಾ" ಎಂದು ಆಡಿದವು, ದನಿ ಹೊರಡಲಿಲ್ಲ.

"ಕೇಳಿಸ್ತು ಕಣೋ" ಎಂದಳು ಅವಳು. "ಇನ್ನೂ ಉಂಡಿಲ್ಲ. ಬಾ."