ಮರಗಳಿಗೆ ನಾನು ಬರೆದ ಕೆಂಪು ನಂಬರು

2024ರ ಮೇ 19, ಭಾನುವಾರ. ನನ್ನ ಡೈರಿಯ ಆ ಪುಟದಲ್ಲಿ ಬೆಳಿಗ್ಗೆ 7.40ಕ್ಕೆ ಬರೆದ ಒಂದೇ ಸಾಲಿದೆ: "ಇವತ್ತು ಅರಳಿರಬೇಕು." ಅದರ ಕೆಳಗೆ ಸಂಜೆಯವರೆಗೆ ಏನೂ ಬರೆದಿಲ್ಲ.

ನಮ್ಮದು ಬನಹಟ್ಟಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್‌ಗಳಿವೆ. ನೂಲು ಸುತ್ತಿದ ಪ್ರತಿ ಬೀಮಿನ ಮೇಲೂ ಅಪ್ಪ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಾನೆ. ಇಲ್ಲದಿದ್ದರೆ ಯಾವ ಬೀಮು ಯಾವ ಮಗ್ಗದ್ದೆಂದು ಗೊತ್ತಾಗುವುದಿಲ್ಲ. ಆ ಅಭ್ಯಾಸ ನನಗೂ ಬಂದಿದೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಆ ಬೇಸಿಗೆಯಲ್ಲಿ ನಾನು ಎಣಿಸುತ್ತಿದ್ದದ್ದು ಕಾಡು ಆರ್ಕಿಡ್‌ಗಳನ್ನು.

ನಮ್ಮ ಬಿಸಿಲಿನ ಸೀಮೆಯಲ್ಲಿ ಆರ್ಕಿಡ್ ಇದೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಹಿಪ್ಪರಗಿ ಕಡೆ ಹಳೆಯ ಬೇವು, ಹುಣಸೆ ಮರಗಳ ಕೆಳಗೆ ನಿಂತು ತಲೆ ಎತ್ತಿ ನೋಡಬೇಕು. ಪಟ್ಟಿಯಂಥ ದಪ್ಪ ಎಲೆ, ತೊಗಟೆಯ ಮೇಲೆ ಹುರಿಯಂತೆ ಹರಿದ ಬೇರು. ಬೇಸಿಗೆಯ ಕೊನೆಗೆ ಅದರಲ್ಲಿ ಹೂ ಬರುತ್ತದೆ, ಹಳದಿಯ ಮೇಲೆ ಕಂದು ಚೌಕಳಿ, ನಡುವೆ ನೇರಳೆ ತುಟಿ.

ನಾನು ಹೋಗುತ್ತಿದ್ದ ಹೊಲ ಪಾಯಪ್ಪ ಕಾಕಾನದು. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಚುರುಕು. ಫೋಟೋ ತೆಗೆಯಲು ಒಪ್ಪಿಗೆ ಕೇಳಿದಾಗ, "ಬದನಿಕಿ ಫೋಟೋ ತಗ್ಯಾಕ ಬನಹಟ್ಟಿಯಿಂದ ಬಂದೀಯೇನವಾ? ನಮ್ಮ ಎಮ್ಮಿನೂ ಚಂದ ಅದಾವು, ಅವನ್ನೂ ತಗಿ" ಎಂದಿದ್ದ. ಬದನಿಕೆ ಮರದ ರಸ ಹೀರುತ್ತದೆ, ಇದು ಹೀರುವುದಿಲ್ಲ, ಸುಮ್ಮನೆ ಕೊಂಬೆಯ ಮೇಲೆ ಕೂತಿರುತ್ತದೆ ಎಂದು ತಿಳಿಸಿ ಹೇಳಿದೆ. "ಹಂಗಾರ ನಮ್ಮ ಅಳಿಯಾ ಇದ್ದಂಗ ಅನ್ನು" ಎಂದು ನಕ್ಕುಬಿಟ್ಟ.

ಆ ಹೊಲದಲ್ಲಿ ಹನ್ನೆರಡು ಮರಗಳ ಮೇಲೆ ಹತ್ತೊಂಬತ್ತು ಆರ್ಕಿಡ್ ಗಿಡಗಳಿದ್ದವು. ಫೋಟೋಗಳಲ್ಲಿ ಯಾವ ಮರ ಯಾವುದೆಂದು ಗೊಂದಲವಾಗತೊಡಗಿತು. ಮೇ 5ರಂದು ಅಪ್ಪನ ಬಣ್ಣದ ಡಬ್ಬಿ ಒಯ್ದು ಮರಗಳಿಗೆ ಒಂದರಿಂದ ಹನ್ನೆರಡರವರೆಗೆ ನಂಬರು ಬರೆದೆ. ಕಾಕಾ ಅಂದು ಹೊಲದಲ್ಲಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಐದನೇ ನಂಬರಿನ ಹುಣಸೆಯ ಆರ್ಕಿಡ್‌ನಲ್ಲಿ ಹನ್ನೊಂದು ಮೊಗ್ಗುಗಳಿದ್ದವು. ಅವು ಅರಳುವುದನ್ನೇ ಕಾಯುತ್ತಿದ್ದೆ.

ಆ ಭಾನುವಾರ ಅಣ್ಣನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸ್ಕೂಟಿಯಲ್ಲಿ ಹೊರಟೆ. ಕಾಲುವೆ ದಾಟುವಾಗಲೇ ಗರಗಸದ ಯಂತ್ರದ ಸದ್ದು ಕೇಳಿತು. ಯಾರದೋ ಹೊಲದಲ್ಲಿರಬೇಕು ಅಂದುಕೊಂಡೆ. ತಿರುವು ದಾಟಿದರೆ ಬಾವಿಯ ಪಕ್ಕದ ಬೇವಿನ ಮರ ನೆಲದ ಮೇಲೆ ಬಿದ್ದಿತ್ತು. ಅದು ನನ್ನ ನಾಲ್ಕನೇ ನಂಬರು. ಇಬ್ಬರು ಯಂತ್ರ ಹಿಡಿದು ಹುಣಸೆಯ ಬುಡಕ್ಕೆ ಬಂದಿದ್ದರು.

ಓಡಿದೆ. ಒಂದು ಚಪ್ಪಲಿ ಹೊಲದಲ್ಲೇ ಉಳಿಯಿತು.

"ಏ ತಂಗಿ, ದೂರ ಸರೀರಿ!" ಎಂದು ಯಂತ್ರ ಹಿಡಿದವನು ಕೂಗಿದ. ಅವನ ಹೆಸರು ದಸ್ತಗೀರ್ ಎಂದು ಆಮೇಲೆ ತಿಳಿಯಿತು.

"ಈ ಗಿಡಾ ಯಾಕ ಕಡ್ಯಾಕತ್ತೀರಿ?"

"ನಂಬರ ಐತಲ್ರೀ. ನಂಬರ ಹಾಕಿದ್ದು ಕಡೀರಿ ಅಂತ ಕಾಕಾ ಹೇಳ್ಯಾನ. ಒಣಾ ಜಾಲಿ ಒಂದು, ಎರಡು, ಮೂರು ಆತು. ನಾಲ್ಕೂ ಆತು. ಈಗ ಐದು."

ನಮ್ಮ ಕಡೆ ಮರದ ಮೇಲೆ ನಂಬರು ಬರೆದರೆ ಅದು ಕಡಿಯುವ ಮರ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಮಗ್ಗದ ಮನೆಯಲ್ಲಿ ಬೆಳೆದ ನನಗೆ ಮಾತ್ರ ನಂಬರು ಎಂದರೆ ಕಾಪಾಡುವ ಗುರುತು.

"ಆ ನಂಬರ ನಾ ಹಾಕೀನಿ" ಎಂದೆ.

"ನೀವ್ಯಾಕ ಹಾಕ್ತೀರಿ? ಅರಣ್ಯ ಇಲಾಖೆಯವ್ರೇನು?"

"ಅಲ್ರೀ. ಹೂವಿನ ಎಣಿಕಿಗೆ."

ಜೊತೆಗಿದ್ದವನು ಬಾಯ್ತುಂಬ ನಕ್ಕ. "ಹೂವಿಗೆ ನಂಬರ ಅಂತಲೇ! ನಾಳಿ ಎಲಿಗೂ ಹಾಕ್ತಾರ ನೋಡು."

ಡೈರಿ ತೆಗೆದು ತೋರಿಸಿದೆ. ದಸ್ತಗೀರ್ ಪುಟ ತಿರುವಿ, "ಇದನ್ನ ಈಗ ಬರದ್ರೂ ಬರೀಬಹುದಲ್ರೀ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕಾಕಾ ಮುಧೋಳದ ಒಂದು ಮದುವೆಗೆ ಹೋಗಿದ್ದ. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

"ಹನ್ನೊಂದಕ್ಕ ಟ್ರ್ಯಾಕ್ಟರ್ ಬರ್ತೈತಿ. ಚಾ ಕುಡಿಯೂ ತನಕ ಕಾಯ್ತೇನಿ. ಕಾಕಾ ಎತ್ತಿದ್ರ ಛಲೋ, ಇಲ್ಲಂದ್ರ ಐದು ಬೀಳ್ತೈತಿ" ಎಂದು ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

ಐದನೇ ಸಲ, ಆರನೇ ಸಲ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮೇಲೆ ನೋಡಿದರೆ ಮೂರು ಹೂ ಅರಳಿದ್ದವು. ಏಳನೇ ಸಲಕ್ಕೂ ಎತ್ತದಿದ್ದಾಗ ಮತ್ತೆ ಡೈರಿ ಬಿಚ್ಚಿದೆ. ಮೇ 5ರ ಪುಟದ ಮೊದಲ ಸಾಲು: "1, 2, 3 - ಕಾಲುವೆ ದಂಡೆ, ಮಾವು."

"ಅಣ್ಣಾ, ಒಂದು, ಎರಡು, ಮೂರು ಕಡ್ದೇನಿ ಅಂದ್ರಲ್ಲ. ಆ ಕಾಲುವಿ ದಂಡಿಗೆ ಇನ್ನೊಂದು ಒಂದು, ಎರಡು, ಮೂರು ಅದಾವು. ಬಂದ ನೋಡ್ರಿ."

ಅವನು ಚಹಾದ ಕಪ್ಪು ಹಿಡಿದುಕೊಂಡೇ ಬಂದ. ಮಾವಿನ ಬೊಡ್ಡೆಯ ಮೇಲೆ ನನ್ನ ಕೆಂಪು ಒಂದು ಇತ್ತು. ಅದನ್ನು ನೋಡಿ, ಪಕ್ಕದ ಎರಡನ್ನು ನೋಡಿ, ಕಪ್ಪನ್ನು ನೆಲಕ್ಕಿಟ್ಟ.

"ಒಂದ ಹೊಲದಾಗ ಎರಡು ಒಂದು... ಜಾಲಿ ಮ್ಯಾಲ ಕಾಕಾ ಸುಣ್ಣದಾಗ ಬರದಿದ್ದ. ನಾಲ್ಕಕ್ಕ ಬಂದಾಗ ಕೆಂಪು ಕಂಡು, ಕಾಕಾನ ಸುಣ್ಣ ತೀರಿರಬೇಕು ಅಂದ್ಕೊಂಡೆ." ಅವನ ದನಿ ಇಳಿದುಹೋಯಿತು. "ಹಸಿ ಬೇವು ಕಡದೆ. ಏನ ಹೇಳ್ಲಿ ಈಗ ಅವಗ?"

ಹುಣಸೆ ಉಳಿಯಿತು. ಬಿದ್ದ ಬೇವಿನಲ್ಲಿ ಎರಡು ಆರ್ಕಿಡ್ ಇದ್ದವು. ಒಂದು ಬೊಡ್ಡೆಯ ಕೆಳಗೆ ಸಿಕ್ಕು ಜಜ್ಜಿಹೋಗಿತ್ತು. ಇನ್ನೊಂದನ್ನು ದಸ್ತಗೀರ್ ಕೊಂಬೆಯ ತುಂಡಿನ ಸಮೇತ ಕೊಯ್ದುಕೊಟ್ಟ, ಇಬ್ಬರೂ ಸೇರಿ ಹಗ್ಗದಿಂದ ಹುಣಸೆಗೆ ಕಟ್ಟಿದೆವು. ಅರಳಿದ ಹೂಗಳ ಒಂಬತ್ತು ಫೋಟೋ ತೆಗೆದೆ. ಒಂಬತ್ತೂ ಅಲುಗಿವೆ.

ಆಮೇಲೆ ಕಾಕಾ ಬರುವವರೆಗಿನ ಎರಡೂವರೆ ತಾಸು ಹೇಗೆ ಕಳೆದೆನೋ. "ನೀವ್ ಹೋಗಿಬಿಟ್ರ ಎಲ್ಲಾ ನನ್ನ ಮ್ಯಾಲ ಬರ್ತೈತ್ರೀ" ಎಂದ ದಸ್ತಗೀರ್. ಹೋಗುವುದಿಲ್ಲ ಎಂದೆ. ಆದರೆ ಸ್ಕೂಟಿಯ ಕೀಲಿ ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲೇ ಇತ್ತು.

ಕಾಕಾ ಒಂದೂವರೆಗೆ ಬಂದ. ಹಣೆಯಲ್ಲಿ ಮದುವೆಯ ಕುಂಕುಮ, ಹೆಗಲ ಮೇಲೆ ಹೊಸ ಟವೆಲ್. ನಾನೇ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬಿದ್ದ ಬೇವಿನ ಸುತ್ತ ಒಂದು ಸುತ್ತು ಹಾಕಿ ಬಂದ.

"ಫೋಟೋ ತಗೀತೇನಿ ಅಂದಿದ್ದಿ. ನಂಬರ ಬರೀತೇನಿ ಅಂದಿದ್ದೇನು?"

"ಇಲ್ಲ ಕಾಕಾ."

"ಕೇಳಿದ್ರ ಬ್ಯಾಡ ಅಂತಿದ್ನೇನು? ಇನ್ನೊಂದ ಕಡೆ ಬರಿ ಅಂತಿದ್ದೆ, ಹಾಳ್ಯಾಗ ಬರಿ ಅಂತಿದ್ದೆ." ಬಾವಿಯ ಕಡೆ ತಿರುಗಿ ಕೇಳಿದ, "ಈರವ್ವಗೋಳು ಈಗ ಎಲ್ಲಿ ಕುಂತು ಉಣ್ಣೂದು?"

ಈರವ್ವ ಮತ್ತು ಇನ್ನಿಬ್ಬರು ಹೆಂಗಸರು ಕಳೆ ತೆಗೆಯಲು ಬರುತ್ತಾರೆ. ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಆ ಬೇವಿನ ಕೆಳಗೆ, ಬಾವಿಯ ನೀರು ಕೈಗೆಟಕುವಲ್ಲಿ. ನಾನು ಆ ಮರವನ್ನು ಹದಿನಾಲ್ಕು ಸಲ ನೋಡಿದ್ದೆ, ಹದಿನಾಲ್ಕು ಸಲವೂ ಮೇಲೆ ಮಾತ್ರ ನೋಡಿದ್ದೆ.

ಮರುದಿನ ಸೀಮೆಎಣ್ಣೆ, ಚಿಂದಿ ಒಯ್ದು ಉಳಿದ ಹನ್ನೊಂದು ನಂಬರುಗಳನ್ನು ಉಜ್ಜಿ ಅಳಿಸಿದೆ. ಹಗ್ಗದಿಂದ ಕಟ್ಟಿದ ಆರ್ಕಿಡ್ ಬದುಕಿದೆ, ಎರಡು ಹೊಸ ಎಲೆ ಬಂದಿವೆ, ಹೂ ಇನ್ನೂ ಬಿಟ್ಟಿಲ್ಲ. ಕಾಕಾ ಈಗಲೂ ಮಾತಾಡಿಸುತ್ತಾನೆ. ಯಾವ ಮರ ಮುಟ್ಟುವ ಮೊದಲೂ ನಾನು ಕೇಳುತ್ತೇನೆ, ಅವನು ನಗುತ್ತಾನೆ.

ಹೆಂಗಸರು ಈಗ ಬುತ್ತಿ ಹಿಡಿದು ಹುಣಸೆಯವರೆಗೆ ನಡೆಯುತ್ತಾರೆ. "ಸುಡು ಬಿಸಲಾಗ ಇಷ್ಟ ದೂರ ನಡಸಾಕತ್ತಿಯಲ್ಲವಾ" ಎಂದು ಈರವ್ವ ನನ್ನನ್ನು ಕಾಡಿಸುತ್ತಾಳೆ. ಅವಳಿಗೆ ಅದು ತಮಾಷೆ. ಒಂದು ದಿನ ನಾನೂ ಅವರ ಜೊತೆ ನಡೆದು ಎಣಿಸಿದೆ. ಬಾವಿಯಿಂದ ಹುಣಸೆಯ ನೆರಳಿಗೆ ನೂರಾ ನಲವತ್ತು ಹೆಜ್ಜೆ. ಡೈರಿಯಲ್ಲಿ ಆ ಲೆಕ್ಕ ಬರೆದ ಸಾಲಿಗೆ ಮಾತ್ರ ತಾರೀಖು ಹಾಕಿಲ್ಲ. ಅವರು ದಿನಾಲೂ ನಡೆಯುತ್ತಾರೆ.