ಸೊಟ್ಟ ಜಡೆ

"ಹಾಗಾದ್ರೆ ನನಗೇ ಹಾಕಿ ಅಜ್ಜಿ," ಎಂದು ಆ ಹುಡುಗಿ ತನ್ನ ಜಡೆ ಬಿಚ್ಚಿ, ನನಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು. ಅವಳು ಸಕಲೇಶಪುರದ ಆಸ್ಪತ್ರೆಯಲ್ಲಿ ಲಕ್ವ ಹೊಡೆದವರ ಕೈ ಎಷ್ಟು ಕೆಲಸ ಮಾಡುತ್ತದೆಂದು ಪರೀಕ್ಷಿಸಿ, ಮತ್ತೆ ಕೆಲಸ ಕಲಿಸುವ ಥೆರಪಿಸ್ಟ್. ಹಲಗೆಯ ತೂತುಗಳಿಗೆ ಮರದ ಕಡ್ಡಿ ಸಿಕ್ಕಿಸಲು ಹೇಳಿದ್ದಳು. ನನ್ನ ಬಲಗೈಯಿಂದ ಒಂದೂ ಆಗಿರಲಿಲ್ಲ. ಮನೆಯಲ್ಲಿ ಏನು ಕಷ್ಟ ಎಂದು ಕೇಳಿದಾಗಲೆಲ್ಲ ನಾಚಿಕೆಯಿಂದ ಏನೂ ಇಲ್ಲ ಎಂದಿದ್ದೆ. ಕೊನೆಗೆ ಬಾಯಿಬಿಟ್ಟಿದ್ದೆ: "ಮೊಮ್ಮಗಳಿಗೆ ಜಡೆ ಹಾಕೋಕೆ ಆಯ್ತಿಲ್ಲ ಕಣವ್ವ. ಅವಳು ನನ್ನ ಹತ್ರ ಬಾಚಣಿಗೆ ತರೋದನ್ನೇ ಬಿಟ್ಬುಟ್ಟವಳೆ."

ಆ ಹುಡುಗಿಯ ಕೂದಲನ್ನು ಮೂರು ಪಾಲು ಮಾಡಿದೆ. ಒಂದು ಪಾಲು ಮತ್ತೆ ಮತ್ತೆ ಜಾರಿತು.

"ನಿಧಾನಕ್ಕೆ ಹಾಕಿ. ನನಗೇನು ಸ್ಕೂಲಿಗೆ ಲೇಟಾಗಲ್ಲ," ಎಂದು ನಕ್ಕಳು.

ಕಡ್ಡಿ ಹಿಡಿಯದ ಬೆರಳುಗಳು ಕೂದಲನ್ನು ಹಿಡಿದವು. ಜಡೆ ಸೊಟ್ಟಗಾಯಿತು, ಆದರೆ ಮುಗಿಯಿತು. ಹುಡುಗಿ ಎಲ್ಲಿ ಜಾರಿತೆಂದು ನನ್ನನ್ನು ಕೇಳಿ ಬರೆದುಕೊಂಡು, ಮನೆಯಲ್ಲಿ ದಿನಾ ಹೆಣೆಯಲು ಮೂರು ಬಟ್ಟೆಯ ಪಟ್ಟಿ ಕೊಟ್ಟಳು. ಆಮೇಲೆ ಅದೇ ಸೊಟ್ಟ ಜಡೆಯಲ್ಲೇ ಬಾಗಿಲಿಗೆ ಹೋಗಿ ಮುಂದಿನವರನ್ನು ಕರೆದಳು.

ಈಗ ಮೊಮ್ಮಗಳು ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಬಾಚಣಿಗೆ ಹಿಡಿದು ನನ್ನ ಮುಂದೆ ಕೂರುತ್ತಾಳೆ. ಜಡೆ ಇನ್ನೂ ಸ್ವಲ್ಪ ಸೊಟ್ಟಗೇ ಇರುತ್ತದೆ. ಅವರಮ್ಮ ಸರಿಮಾಡಲು ಬಂದರೆ ತಲೆ ಕೊಡುವುದಿಲ್ಲ.