ಕಣ್ಣಿಗೂ ಮೂಗಿಗೂ ನಡುವಿನ ಹುರುಪೆ

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತಲೆಯ ಹುರುಪೆ ನೋಡಿ ಹಾವಿನ ಜಾತಿ ಹೇಳುವುದು ನನ್ನ ಇಷ್ಟದ ಪಾಠವಾಗಿತ್ತು. ಕಟ್ಟುಹಾವು ಕಚ್ಚಿದರೆ ಜೀವ ಹೋಗುತ್ತದೆ. ತೋಳಹಾವಿನಿಂದ ಭಯವಿಲ್ಲ. ಎರಡಕ್ಕೂ ಕಪ್ಪು ಮೈ, ಬಿಳಿ ಪಟ್ಟೆ. ತೋಳಹಾವಿಗೆ ಮೂಗಿನ ಹುರುಪೆಗೂ ಕಣ್ಣಿನ ಮುಂದಿನ ಹುರುಪೆಗೂ ನಡುವೆ ಇನ್ನೊಂದು ಸಣ್ಣ ಹುರುಪೆ ಇರುತ್ತದೆ. ಕಟ್ಟುಹಾವಿಗೆ ಅದಿಲ್ಲ.

ಬಳಗಾನೂರಿನಲ್ಲಿದ್ದ ಅಕ್ಕನಿಗೆ ನನ್ನ ಈ ವಿದ್ಯೆಯ ಬಗ್ಗೆ ಬಲು ಹೆಮ್ಮೆ. ಅವ್ವ ತೀರಿದ ಮೇಲೆ ತಾನು ಏಳನೆಯ ತರಗತಿಗೇ ಶಾಲೆ ಬಿಟ್ಟು, ನನ್ನ ಜಡೆ ಹೆಣೆದು, ಬುತ್ತಿ ಕಟ್ಟಿ ಮಸ್ಕಿಯ ಬಸ್ಸು ಹತ್ತಿಸುತ್ತಿದ್ದವಳು ಅವಳೇ. ಎಲ್ಲಿ ಹಾವು ಕಂಡರೂ ಓಣಿಯವರಿಗೆ, "ತಡೀರಿ, ನಮ್ಮ ತಂಗಿನ್ನ ಕೇಳ್ತೀನಿ" ಅನ್ನುತ್ತಿದ್ದಳು.

ಒಂದು ಮುಂಜಾನೆ ಭತ್ತದ ಚೀಲ ಸರಿಸುವಾಗ ಅವಳ ಬೆರಳಿಗೇ ಹಾವು ಕಚ್ಚಿತು. ಅವಳ ಗಂಡ, ನನ್ನ ಮಾವ, ಹಾವನ್ನು ಹೊಡೆದು ಫೋಟೊ ಕಳಿಸಿದರು. ಹಿಂದೆಯೇ ಅಕ್ಕನ ಫೋನು.

"ಬಾವು ಬಂದಿಲ್ಲ, ಇರಿವಿ ಕಡದಂಗ ಐತಿ. ನಿಮ್ಮ ಮಾವ ಗಾಡಿ ಚಾಲೂ ಮಾಡ್ಯಾರ. ದವಾಖಾನಿಗೆ ಹೋಗೂದೋ ಬ್ಯಾಡೋ, ನೀ ಹೇಳು."

ಫೋಟೊ ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಮುಂದೆ ಆ ಸಣ್ಣ ಹುರುಪೆ ಕಂಡಿತು. ಕಟ್ಟುಹಾವು ಕಚ್ಚಿದರೂ ಬಾವು ಬರುವುದಿಲ್ಲವೆಂದು ಗೊತ್ತಿದ್ದೂ, ಬಾವಿಲ್ಲವೆಂಬ ಮಾತಿನಿಂದ ನಾನು ಇನ್ನಷ್ಟು ಧೈರ್ಯ ತಂದುಕೊಂಡೆ.

"ವಿಷದ್ದಲ್ಲಕ್ಕ. ತೊಳಕೊಂಡು ಚಾ ಕುಡಿ."

"ನೋಡ್ರಿ, ನಮ್ಮ ತಂಗಿ ಅಂದ್ರ ಏನು!" ಎಂದು ಅವಳು ಮಾವನಿಗೆ ಹೇಳಿ ನಕ್ಕಿದ್ದು ಕೇಳಿಸಿತು.

ಮೂರು ತಾಸಿನ ಮೇಲೆ ಮಾವನ ಫೋನು ಬಂತು. "ಆಕಿ ರೆಪ್ಪಿ ಎತ್ತವಲ್ಲಳವ್ವ. ಮಾತು ತೊದಲಾಕತ್ತಾವ. ಕರಕೊಂಡು ಬರಾಕತ್ತೀನಿ."

ನಾನು ದವಾಖಾನೆಯ ಬಾಗಿಲಲ್ಲಿ ಕಾದು ನಿಂತೆ. ಅಕ್ಕನನ್ನು ಇಳಿಸಿಕೊಂಡಾಗ ಕೈ ಇನ್ನೂ ಬೆಚ್ಚಗಿತ್ತು. ಉಸಿರು ದಾರಿಯಲ್ಲೇ ನಿಂತಿತ್ತು.

ಡಾಕ್ಟರಿಗೆ ತೋರಿಸಲೆಂದು ಮಾವ ಹಾವನ್ನು ಡಬ್ಬಿಯಲ್ಲಿ ತಂದಿದ್ದರು. ಮೂರನೆಯ ದಿನ ಅದನ್ನು ಕಾಲೇಜಿಗೆ ಒಯ್ದು ಭೂತಗನ್ನಡಿ ಹಿಡಿದೆ. ಕಣ್ಣಿನ ಮುಂದೆ ಅಂಟಿದ್ದುದು ಒಣಗಿದ ಕೆಸರಿನ ಚೂರು. ಉಗುರು ತಗುಲಿದೊಡನೆ ಉದುರಿತು. ಅದರಡಿ ಬೇರೆ ಹುರುಪೆ ಇರಲಿಲ್ಲ.

ಅದೇ ಸಂಜೆ ಮಾವನಿಗೆ ಎಲ್ಲ ಹೇಳಿದೆ. ಅವರು, "ಆಕಿಗೇ ಹೋಗೂ ಮನಸ್ಸಿದ್ದಿಲ್ಲ ಬಿಡವ್ವ. ನೀ ಏನಂದ್ರೂ ಬರ್ತಿದ್ದಿಲ್ಲ" ಅಂದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ನಾನು ಅವರ ಕಾಲು ಹಿಡಿದು ಅತ್ತೆ.

ಈಗಲೂ ಊರಿನವರು ಹಾವಿನ ಫೋಟೊ ಕಳಿಸುತ್ತಾರೆ. ನಾನು ತೆರೆಯುವುದಿಲ್ಲ. ಕಚ್ಚಿದ್ದರೆ ಮೊದಲು ದವಾಖಾನೆಗೆ ಹೋಗಿ ಎಂದಷ್ಟೇ ಬರೆಯುತ್ತೇನೆ.